ಹವಳ ದಿಬ್ಬಗಳ ಆರೋಗ್ಯ ಮೇಲ್ವಿಚಾರಣೆ

ಹವಳ ದಿಬ್ಬಗಳ ಆರೋಗ್ಯ ಮೇಲ್ವಿಚಾರಣೆ ಎಂದರೆ ಹವಳ ದಿಬ್ಬದ ಜೀವಂತ ಹವಳ, ಪಾಚಿ, ಮೀನು ಹಾಗೂ ಇತರ ಜೀವಿಗಳ ಸ್ಥಿತಿಯನ್ನು ನಿಗದಿತ ಸ್ಥಳಗಳಲ್ಲಿ, ಒಂದೇ ವಿಧಾನದಿಂದ, ವರ್ಷಗಳ ಕಾಲ ಮತ್ತೆ ಮತ್ತೆ ಅಳೆದು ದಾಖಲಿಸುವ ವೈಜ್ಞಾನಿಕ ಕಾರ್ಯ. ಒಮ್ಮೆ ಮಾತ್ರ ನಡೆಸುವ ಅಳತೆಯನ್ನು ಸಮೀಕ್ಷೆ ಎನ್ನಲಾಗುತ್ತದೆ. ಅದೇ ಅಳತೆಯನ್ನು ಅದೇ ಜಾಗದಲ್ಲಿ ಪುನರಾವರ್ತಿಸಿದಾಗ ಅದು ಮೇಲ್ವಿಚಾರಣೆಯಾಗುತ್ತದೆ. ದಿಬ್ಬವೊಂದು ಕ್ಷೀಣಿಸುತ್ತಿದೆಯೇ, ಚೇತರಿಸಿಕೊಳ್ಳುತ್ತಿದೆಯೇ ಅಥವಾ ಬೇರೆಯದೇ ಸ್ಥಿತಿಗೆ ಹೊರಳುತ್ತಿದೆಯೇ ಎಂಬುದನ್ನು ಒಂದು ಭೇಟಿಯಿಂದ ಹೇಳಲಾಗದು. ಹಿಂದಿನ ದಾಖಲೆಯೊಂದಿಗೆ ಹೋಲಿಸಿದಾಗ ಮಾತ್ರ ಅದು ತಿಳಿಯುತ್ತದೆ.

ಹಿನ್ನೆಲೆ

ಹವಳ ದಿಬ್ಬಗಳು ಸಾಗರತಳದ ಶೇ. 1ಕ್ಕಿಂತಲೂ ಕಡಿಮೆ ಭಾಗವನ್ನು ಆವರಿಸಿವೆ. ಆದರೂ ಕಡಲ ಜೀವಿಪ್ರಭೇದಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗವು ತನ್ನ ಜೀವನದ ಯಾವುದಾದರೊಂದು ಹಂತದಲ್ಲಿ ಇವುಗಳನ್ನು ಅವಲಂಬಿಸಿದೆ ಎಂದು ಅಂದಾಜಿಸಲಾಗಿದೆ. ದಿಬ್ಬವನ್ನು ಕಟ್ಟುವವು ಪಾಲಿಪ್ ಎಂಬ ಚಿಕ್ಕ ಪ್ರಾಣಿಗಳು. ಇವು ತಮ್ಮ ಸುತ್ತ ಕ್ಯಾಲ್ಸಿಯಂ ಕಾರ್ಬೊನೇಟಿನ ಗೂಡನ್ನು ನಿರ್ಮಿಸಿಕೊಳ್ಳುತ್ತವೆ. ಅವುಗಳ ಅಂಗಾಂಶದೊಳಗೆ ವಾಸಿಸುವ ಏಕಕೋಶ ಪಾಚಿಗಳು ದ್ಯುತಿಸಂಶ್ಲೇಷಣೆಯ ಮೂಲಕ ಹವಳಕ್ಕೆ ಬೇಕಾದ ಆಹಾರದ ಹೆಚ್ಚಿನ ಪಾಲನ್ನು ಒದಗಿಸುತ್ತವೆ. ಹವಳದ ಬಣ್ಣಕ್ಕೂ ಬಹುಪಾಲು ಈ ಪಾಚಿಗಳೇ ಕಾರಣ.

ನೀರಿನ ತಾಪಮಾನವು ಆ ಪ್ರದೇಶದ ಬೇಸಿಗೆಯ ಗರಿಷ್ಠ ಸರಾಸರಿಗಿಂತ ಕೇವಲ 1 ಡಿಗ್ರಿ ಸೆಲ್ಸಿಯಸ್ ಏರಿ ಕೆಲವು ವಾರಗಳ ಕಾಲ ಹಾಗೆಯೇ ಉಳಿದರೂ ಹವಳವು ಈ ಪಾಚಿಗಳನ್ನು ಹೊರಹಾಕುತ್ತದೆ. ಆಗ ಪಾರದರ್ಶಕ ಅಂಗಾಂಶದ ಮೂಲಕ ಸುಣ್ಣದ ಗೂಡು ಕಾಣಿಸಿ ಹವಳವು ಬಿಳಿಯಾಗಿ ತೋರುತ್ತದೆ. ಇದನ್ನು ಹವಳದ ಬಿಳಿಚುವಿಕೆ ಎನ್ನುತ್ತಾರೆ. ಬಿಳಿಚಿದ ಹವಳ ಸತ್ತ ಹವಳವಲ್ಲ. ಶಾಖ ಬೇಗ ಇಳಿದರೆ ಪಾಚಿಗಳು ಮರಳಿ ಸೇರಿ ಅದು ಬದುಕುಳಿಯಬಹುದು. ಶಾಖ ಮುಂದುವರಿದರೆ ಹಸಿವಿನಿಂದಲೂ ರೋಗದಿಂದಲೂ ಸಾಯುತ್ತದೆ. ಹೀಗಾಗಿ ಬಿಳಿಚುವಿಕೆಯ ವೇಳೆ ಒಮ್ಮೆ, ಕೆಲವು ತಿಂಗಳ ನಂತರ ಇನ್ನೊಮ್ಮೆ ಅದೇ ಜಾಗವನ್ನು ನೋಡದೆ ನಿಜವಾದ ನಷ್ಟವೆಷ್ಟೆಂದು ಹೇಳಲಾಗುವುದಿಲ್ಲ.

ಅಳೆಯುವ ಅಂಶಗಳು

ಮೇಲ್ವಿಚಾರಣೆಯಲ್ಲಿ ಸಾಮಾನ್ಯವಾಗಿ ಕೆಳಗಿನ ಅಂಶಗಳನ್ನು ದಾಖಲಿಸಲಾಗುತ್ತದೆ.

• ಜೀವಂತ ಹವಳದ ಹೊದಿಕೆ: ದಿಬ್ಬದ ಮೇಲ್ಮೈಯಲ್ಲಿ ಶೇಕಡ ಎಷ್ಟು ಭಾಗವನ್ನು ಜೀವಂತ ಗಟ್ಟಿ ಹವಳ ಆವರಿಸಿದೆ ಎಂಬ ಅಳತೆ. ಇದು ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಸೂಚಕ.
• ಪಾಚಿಯ ಹೊದಿಕೆ: ಎತ್ತರಕ್ಕೆ ಬೆಳೆಯುವ ದೊಡ್ಡ ಪಾಚಿ ಹೆಚ್ಚಾದರೆ ಮರಿಹವಳಗಳಿಗೆ ಜಾಗ ಸಿಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಬಂಡೆಗೆ ಅಂಟಿಕೊಂಡು ಬೆಳೆಯುವ ಗುಲಾಬಿ ಬಣ್ಣದ ಸುಣ್ಣಪಾಚಿಯು ಹವಳದ ಲಾರ್ವಾಗಳು ನೆಲೆಯೂರಲು ನೆರವಾಗುತ್ತದೆ. ಆದ್ದರಿಂದ ಇವೆರಡನ್ನೂ ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ.
• ಮರಿಹವಳಗಳ ಸಾಂದ್ರತೆ: ಹೊಸದಾಗಿ ನೆಲೆಯೂರಿದ ಚಿಕ್ಕ ಹವಳಗಳ ಎಣಿಕೆ. ದಿಬ್ಬದ ಚೇತರಿಕೆಯ ಸಾಮರ್ಥ್ಯವನ್ನು ಇದು ತೋರಿಸುತ್ತದೆ.
• ರಚನೆಯ ಸಂಕೀರ್ಣತೆ: ಕವಲುಗಳು, ಬಿರುಕುಗಳು, ಗುಹೆಗಳು ಎಷ್ಟಿವೆ ಎಂಬ ಅಂಶ. ಮೀನುಗಳ ಆಶ್ರಯ ಇದನ್ನೇ ಅವಲಂಬಿಸಿದೆ.
• ರೋಗ, ಬಿಳಿಚುವಿಕೆ ಹಾಗೂ ಭಕ್ಷಕಗಳು: ಹವಳವನ್ನು ತಿನ್ನುವ ಮುಳ್ಳುಕಿರೀಟ ನಕ್ಷತ್ರಮೀನು ಇವುಗಳಲ್ಲಿ ಮುಖ್ಯವಾದುದು.
• ಮೀನುಗಳ ಸಂಖ್ಯೆ, ಗಾತ್ರ ಮತ್ತು ಪ್ರಭೇದಗಳು.

ಹವಳವನ್ನು ಅಳೆಯುವ ವಿಧಾನಗಳು

ಟ್ರಾನ್ಸೆಕ್ಟ್ ವಿಧಾನ. ದಿಬ್ಬದ ಮೇಲೆ ಒಂದೇ ಆಳದಲ್ಲಿ ಅಳತೆಯ ಟೇಪನ್ನು ಹಾಸಿ, ಅದರ ಕೆಳಗೆ ನಿಗದಿತ ಅಂತರಗಳಲ್ಲಿ ಏನಿದೆ ಎಂಬುದನ್ನು ಡೈವರ್ ಬರೆದುಕೊಳ್ಳುತ್ತಾನೆ ಅಥವಾ ಬರೆದುಕೊಳ್ಳುತ್ತಾಳೆ. ರೀಫ್ ಚೆಕ್ ಸಂಸ್ಥೆಯ ಕ್ರಮದಲ್ಲಿ 20 ಮೀಟರಿನ ನಾಲ್ಕು ತುಂಡುಗಳಲ್ಲಿ ಪ್ರತಿ ಅರ್ಧ ಮೀಟರಿಗೆ ಒಂದರಂತೆ ಒಟ್ಟು 160 ಬಿಂದುಗಳನ್ನು ನೋಡಲಾಗುತ್ತದೆ. ಅವುಗಳಲ್ಲಿ 48 ಬಿಂದುಗಳ ಕೆಳಗೆ ಜೀವಂತ ಗಟ್ಟಿ ಹವಳ ಸಿಕ್ಕರೆ ಹೊದಿಕೆ ಶೇ. 30 ಎಂದಾಗುತ್ತದೆ. ಶಾಶ್ವತ ಗುರುತುಗಳನ್ನು ನೆಟ್ಟು ಪ್ರತಿ ಬಾರಿಯೂ ಅದೇ ಗೆರೆಯ ಮೇಲೆ ಟೇಪನ್ನು ಹಾಸಿದರೆ ಸಣ್ಣ ಬದಲಾವಣೆಯನ್ನೂ ಗುರುತಿಸಬಹುದು.

ಮಾಂಟಾ ಟೋ ವಿಧಾನ. ಸಣ್ಣ ದೋಣಿಯ ಹಿಂದೆ ಹಗ್ಗಕ್ಕೆ ಕಟ್ಟಿದ ಹಲಗೆಯನ್ನು ಹಿಡಿದ ವೀಕ್ಷಕನನ್ನು ನಿಧಾನವಾಗಿ ಎಳೆದುಕೊಂಡು ದಿಬ್ಬದ ಅಂಚನ್ನು ಸುತ್ತಲಾಗುತ್ತದೆ. ಪ್ರತಿ 2 ನಿಮಿಷಕ್ಕೊಮ್ಮೆ ದೋಣಿ ನಿಲ್ಲುತ್ತದೆ; ಆ ಅವಧಿಯಲ್ಲಿ ಕಂಡ ಹವಳದ ಹೊದಿಕೆಯ ವರ್ಗ ಹಾಗೂ ಮುಳ್ಳುಕಿರೀಟ ನಕ್ಷತ್ರಮೀನುಗಳ ಸಂಖ್ಯೆಯನ್ನು ವೀಕ್ಷಕ ದಾಖಲಿಸುತ್ತಾನೆ. ಇದರಲ್ಲಿ ಸೂಕ್ಷ್ಮತೆ ಕಡಿಮೆಯಾದರೂ ಬಹಳ ದೊಡ್ಡ ಪ್ರದೇಶವನ್ನು ಕಡಿಮೆ ಸಮಯದಲ್ಲಿ ನೋಡಬಹುದು.

ಚಿತ್ರ ವಿಶ್ಲೇಷಣೆ. ಇತ್ತೀಚಿನ ದಶಕಗಳಲ್ಲಿ ಟ್ರಾನ್ಸೆಕ್ಟಿನ ಉದ್ದಕ್ಕೂ ಛಾಯಾಚಿತ್ರಗಳನ್ನು ತೆಗೆದು ನಂತರ ಕಂಪ್ಯೂಟರಿನಲ್ಲಿ ಬಿಂದುಗಳನ್ನು ವರ್ಗೀಕರಿಸುವ ಕ್ರಮ ಬೆಳೆದಿದೆ. ಕೋರಲ್‌ನೆಟ್, ರೀಫ್‌ಕ್ಲೌಡ್‌ನಂತಹ ತಂತ್ರಾಂಶಗಳು ಈ ವರ್ಗೀಕರಣಕ್ಕೆ ಯಂತ್ರಕಲಿಕೆಯನ್ನು ಬಳಸುತ್ತವೆ. ಚಿತ್ರಗಳು ಉಳಿಯುವುದರಿಂದ ಮುಂದೆ ಬೇರೊಬ್ಬರು ಅವನ್ನು ಮರುಪರಿಶೀಲಿಸಲು ಸಾಧ್ಯವಾಗುತ್ತದೆ. ಉಪಗ್ರಹ ಚಿತ್ರಗಳಿಂದ ದಿಬ್ಬಗಳ ವಿಸ್ತಾರವನ್ನು ನಕ್ಷೆಗಿಳಿಸಲಾಗುತ್ತದೆ. ಅಲೆನ್ ಕೋರಲ್ ಅಟ್ಲಾಸ್ ಎಂಬ ಜಾಗತಿಕ ನಕ್ಷೆ 2021ರಲ್ಲಿ ಪೂರ್ಣಗೊಂಡಿತು. ಆದರೆ ಯಾವ ಪ್ರಭೇದದ ಹವಳ, ಎಷ್ಟು ಮರಿಹವಳ, ಯಾವ ಮೀನು ಎಂಬುದನ್ನು ತಿಳಿಯಲು ನೀರಿಗಿಳಿಯಲೇಬೇಕಾಗುತ್ತದೆ.

ಮೀನು ಸಮುದಾಯದ ಮೇಲ್ವಿಚಾರಣೆ

ಗಣತಿ. ನೀರೊಳಗೆ ಈಜುತ್ತ ಕಣ್ಣಳತೆಯಿಂದ ಮೀನುಗಳನ್ನು ಎಣಿಸುವ ಕ್ರಮವನ್ನು ವಿ. ಇ. ಬ್ರಾಕ್ ಎಂಬ ವಿಜ್ಞಾನಿ ಹವಾಯಿಯ ದಿಬ್ಬಗಳಲ್ಲಿ ಬಳಸಿ 1954ರಲ್ಲಿ ಪ್ರಕಟಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವುದು ಪಟ್ಟಿ ಟ್ರಾನ್ಸೆಕ್ಟ್. ಇದರಲ್ಲಿ 50 ಮೀಟರ್ ಉದ್ದ, 5 ಮೀಟರ್ ಅಗಲದಂತಹ ನಿಗದಿತ ಪಟ್ಟಿಯೊಳಗೆ ಕಂಡ ಮೀನುಗಳನ್ನು ಪ್ರಭೇದವಾರು ಎಣಿಸಿ, ಪ್ರತಿಯೊಂದರ ಉದ್ದವನ್ನು ಅಂದಾಜಿಸಲಾಗುತ್ತದೆ. ಚಿಕ್ಕ ಮೀನುಗಳಿಗೆ ಕಿರಿದಾದ ಪಟ್ಟಿಯನ್ನು ಬಳಸುತ್ತಾರೆ. 1986ರಲ್ಲಿ ಬೋನ್ಸಾಕ್ ಮತ್ತು ಬ್ಯಾನರಾಟ್ ವಿವರಿಸಿದ ಇನ್ನೊಂದು ವಿಧಾನದಲ್ಲಿ ವೀಕ್ಷಕನು ಒಂದೇ ಕಡೆ ನಿಂತು 7.5 ಮೀಟರ್ ತ್ರಿಜ್ಯದ ಕಾಲ್ಪನಿಕ ಸಿಲಿಂಡರಿನೊಳಗಿನ ಮೀನುಗಳನ್ನು ಎಣಿಸುತ್ತಾನೆ. ಮನುಷ್ಯರನ್ನು ಕಂಡು ದೂರ ಸರಿಯುವ ಶಾರ್ಕ್ ಮುಂತಾದ ಮೀನುಗಳಿಗೆ ಆಮಿಷ ಕಟ್ಟಿದ ವಿಡಿಯೊ ಕ್ಯಾಮೆರಾಗಳನ್ನು ತಳದಲ್ಲಿ ಇಡಲಾಗುತ್ತದೆ. ನೀರಿನ ಮಾದರಿಯಲ್ಲಿ ಉಳಿದಿರುವ ಡಿಎನ್‌ಎ ತುಣುಕುಗಳಿಂದ ಪ್ರಭೇದಗಳನ್ನು ಪತ್ತೆಹಚ್ಚುವ ತಂತ್ರವೂ ಬಳಕೆಗೆ ಬಂದಿದೆ. ಆದರೆ ಅದು ಮೀನಿನ ಗಾತ್ರವನ್ನು ತಿಳಿಸುವುದಿಲ್ಲ.

ಜೈವಿಕರಾಶಿ. ಮೀನುಗಳ ಸಂಖ್ಯೆಗಿಂತ ಅವುಗಳ ಒಟ್ಟು ತೂಕ, ಅಂದರೆ ಜೈವಿಕರಾಶಿ, ಹೆಚ್ಚು ಅರ್ಥಪೂರ್ಣ ಸೂಚಕವಾಗಿದೆ. ಅಂದಾಜಿಸಿದ ಉದ್ದವನ್ನು ಪ್ರತಿ ಪ್ರಭೇದಕ್ಕೂ ತಿಳಿದಿರುವ ಉದ್ದ-ತೂಕದ ಸೂತ್ರಕ್ಕೆ ಅಳವಡಿಸಿ ಇದನ್ನು ಲೆಕ್ಕಹಾಕುತ್ತಾರೆ. ತೂಕವು ಸರಿಸುಮಾರು ಉದ್ದದ ಘನಕ್ಕೆ ಅನುಗುಣವಾಗಿ ಏರುವುದರಿಂದ 40 ಸೆಂ.ಮೀ. ಉದ್ದದ ಮೀನು ಅದೇ ಜಾತಿಯ 20 ಸೆಂ.ಮೀ. ಮೀನಿಗಿಂತ ಸುಮಾರು ಎಂಟು ಪಟ್ಟು ಭಾರವಿರುತ್ತದೆ. ಹೀಗಾಗಿ ಉದ್ದದ ಅಂದಾಜಿನಲ್ಲಿ ಆಗುವ ಸಣ್ಣ ತಪ್ಪು ತೂಕದಲ್ಲಿ ದೊಡ್ಡದಾಗುತ್ತದೆ. ನೀರಿನಲ್ಲಿ ವಸ್ತುಗಳು ಹತ್ತಿರವೂ ದೊಡ್ಡದಾಗಿಯೂ ಕಾಣುತ್ತವೆ. ಈ ಕಾರಣದಿಂದ ವೀಕ್ಷಕರು ಗೊತ್ತಾದ ಉದ್ದದ ಮೀನಿನಾಕಾರದ ಮಾದರಿಗಳನ್ನು ನೀರೊಳಗೆ ನೋಡಿ ಮೊದಲು ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

2015ರಲ್ಲಿ ಪ್ರಕಟವಾದ, ಜಗತ್ತಿನ 800ಕ್ಕೂ ಹೆಚ್ಚು ದಿಬ್ಬಗಳ ಅಧ್ಯಯನವೊಂದು ಮೀನುಗಾರಿಕೆ ಇಲ್ಲದ ದಿಬ್ಬದಲ್ಲಿ ಹೆಕ್ಟೇರಿಗೆ ಸರಾಸರಿ ಸುಮಾರು 1000 ಕಿಲೋಗ್ರಾಂ ಮೀನು ಇರುತ್ತದೆ ಎಂದು ಅಂದಾಜಿಸಿತು. ಮೀನುಗಾರಿಕೆ ನಡೆಯುವ ದಿಬ್ಬಗಳ ಪೈಕಿ ಶೇ. 83ರಲ್ಲಿ ಈ ಪ್ರಮಾಣದ ಅರ್ಧಕ್ಕಿಂತ ಹೆಚ್ಚು ಮೀನು ಕಣ್ಮರೆಯಾಗಿತ್ತು.

ಕ್ರಿಯಾತ್ಮಕ ಗುಂಪುಗಳು. ಪ್ರತಿ ಮೀನಿನ ಗುಂಪೂ ದಿಬ್ಬದ ಸ್ಥಿತಿಯ ಬಗ್ಗೆ ಬೇರೆ ಬೇರೆ ಮಾಹಿತಿ ನೀಡುತ್ತದೆ. ಗಿಳಿಮೀನು ಮತ್ತು ಸರ್ಜನ್ ಮೀನುಗಳು ಪಾಚಿಯನ್ನು ಮೇಯ್ದು ಮರಿಹವಳಗಳಿಗೆ ಜಾಗ ಬಿಡಿಸುತ್ತವೆ. ಚಿಟ್ಟೆಮೀನುಗಳಲ್ಲಿ ಹಲವು ಪ್ರಭೇದಗಳು ಜೀವಂತ ಹವಳವನ್ನೇ ತಿನ್ನುವುದರಿಂದ ಹವಳ ಕಡಿಮೆಯಾದಾಗ ಅವೂ ಬೇಗ ಕಡಿಮೆಯಾಗುತ್ತವೆ. ಗ್ರೂಪರ್ ಮತ್ತು ಸ್ನ್ಯಾಪರ್‌ಗಳಂತಹ ದೊಡ್ಡ ಭಕ್ಷಕ ಮೀನುಗಳ ಅಭಾವವು ಸಾಮಾನ್ಯವಾಗಿ ಮೀನುಗಾರಿಕೆಯ ಒತ್ತಡವನ್ನು ಸೂಚಿಸುತ್ತದೆ. ಮಧ್ಯ ಅಮೆರಿಕದ ಕೆರಿಬಿಯನ್ ತೀರದ ದಿಬ್ಬಗಳಿಗಾಗಿ ರೂಪಿಸಿದ ಆರೋಗ್ಯ ಸೂಚ್ಯಂಕವು ಈ ಕಾರಣಕ್ಕಾಗಿಯೇ ನಾಲ್ಕು ಅಂಶಗಳನ್ನು ಕೂಡಿಸುತ್ತದೆ: ಹವಳದ ಹೊದಿಕೆ, ದೊಡ್ಡ ಪಾಚಿಯ ಹೊದಿಕೆ, ಸಸ್ಯಾಹಾರಿ ಮೀನುಗಳ ಜೈವಿಕರಾಶಿ ಹಾಗೂ ವಾಣಿಜ್ಯ ಮೀನುಗಳ ಜೈವಿಕರಾಶಿ.

ಬಿಳಿಚುವಿಕೆಯ ಮುನ್ನೆಚ್ಚರಿಕೆ

ಅಮೆರಿಕದ ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತದ (ನೋವಾ) ಕೋರಲ್ ರೀಫ್ ವಾಚ್ ವಿಭಾಗವು ಉಪಗ್ರಹಗಳಿಂದ ಸಮುದ್ರದ ಮೇಲ್ಮೈ ತಾಪಮಾನವನ್ನು ಅಳೆದು ಶಾಖದ ಒತ್ತಡವನ್ನು ಲೆಕ್ಕಹಾಕುತ್ತದೆ. ಬೇಸಿಗೆಯ ಗರಿಷ್ಠ ಮಾಸಿಕ ಸರಾಸರಿಗಿಂತ 1 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಏರಿದ ತಾಪಮಾನವನ್ನು 12 ವಾರಗಳ ಅವಧಿಯಲ್ಲಿ ಕೂಡಿಸಿ ಪಡೆಯುವ ಮೊತ್ತವನ್ನು ಶಾಖವಾರಗಳಲ್ಲಿ ಹೇಳಲಾಗುತ್ತದೆ. ಉದಾಹರಣೆಗೆ, 2 ಡಿಗ್ರಿ ಏರಿಕೆ 2 ವಾರ ಉಳಿದರೆ 4 ಶಾಖವಾರಗಳಾಗುತ್ತವೆ. ಮೊತ್ತ 4 ತಲುಪಿದಾಗ ಗಮನಾರ್ಹ ಬಿಳಿಚುವಿಕೆಯನ್ನೂ 8 ತಲುಪಿದಾಗ ಹವಳಗಳ ಸಾವನ್ನೂ ನಿರೀಕ್ಷಿಸಲಾಗುತ್ತದೆ.

ಇಡೀ ಜಗತ್ತನ್ನು ವ್ಯಾಪಿಸಿದ ಬಿಳಿಚುವಿಕೆ 1998, 2010 ಹಾಗೂ 2014ರಿಂದ 2017ರವರೆಗೆ ದಾಖಲಾಗಿತ್ತು. ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ದೃಢಪಡಿಸಲಾಯಿತು. ಉಪಗ್ರಹದ ಎಚ್ಚರಿಕೆಯು ಶಾಖವನ್ನು ತಿಳಿಸುತ್ತದೆಯೇ ಹೊರತು ಹವಳದ ಪ್ರತಿಕ್ರಿಯೆಯನ್ನಲ್ಲ. ಆದ್ದರಿಂದ ಎಚ್ಚರಿಕೆ ಬಂದ ಕೂಡಲೇ ತಂಡಗಳನ್ನು ಸ್ಥಳಕ್ಕೆ ಕಳುಹಿಸುವ ವ್ಯವಸ್ಥೆ ಅಗತ್ಯವಾಗುತ್ತದೆ.

ದೀರ್ಘಾವಧಿಯ ದಾಖಲೆಗಳು

ಜಮೈಕಾ

ಜಮೈಕಾದ ದಿಬ್ಬಗಳ ಅಧ್ಯಯನವು ಹವಳ ಮತ್ತು ಮೇಯುವ ಜೀವಿಗಳ ಸಂಬಂಧವನ್ನು ತೋರಿಸಿದ ಮುಖ್ಯ ಉದಾಹರಣೆ. ಅಲ್ಲಿ ಹಲವು ದಶಕಗಳ ಅತಿಯಾದ ಮೀನುಗಾರಿಕೆಯಿಂದ ಪಾಚಿ ತಿನ್ನುವ ಮೀನುಗಳು ಕಡಿಮೆಯಾಗಿದ್ದವು. ಆದರೂ ಉದ್ದ ಮುಳ್ಳಿನ ಕಡಲ ಅರ್ಚಿನ್‌ಗಳು ಪಾಚಿಯನ್ನು ಮೇಯುತ್ತಿದ್ದುದರಿಂದ ದಿಬ್ಬವು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಕಾಣುತ್ತಿತ್ತು. 1980ರಲ್ಲಿ ಆಲೆನ್ ಚಂಡಮಾರುತವು ಹವಳಗಳನ್ನು ಮುರಿಯಿತು. 1983-84ರಲ್ಲಿ ರೋಗವೊಂದು ಕೆರಿಬಿಯನ್ ಕಡಲಿನಾದ್ಯಂತ ಈ ಅರ್ಚಿನ್‌ಗಳನ್ನು ಬಹುತೇಕ ನಾಶಮಾಡಿತು. ಮೇಯುವ ಜೀವಿಗಳಿಲ್ಲದೆ ಪಾಚಿ ಹಬ್ಬಿತು. 1970ರ ದಶಕದ ಕೊನೆಯಲ್ಲಿ ಶೇ. 50ಕ್ಕಿಂತ ಹೆಚ್ಚಿದ್ದ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇ. 5ಕ್ಕಿಂತ ಕೆಳಗಿಳಿಯಿತು. ಹವಳವನ್ನು ಮಾತ್ರ ಅಳೆದಿದ್ದರೆ 1970ರ ದಶಕದ ಆ ದಿಬ್ಬ ಸುಸ್ಥಿತಿಯಲ್ಲಿದೆ ಎಂದೇ ತೀರ್ಮಾನಿಸಬೇಕಾಗುತ್ತಿತ್ತು. ಅದರ ದೌರ್ಬಲ್ಯ ಇದ್ದುದು ಮೀನಿನ ಲೆಕ್ಕದಲ್ಲಿ.

ಸೇಶೆಲ್ಸ್

ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿ 1994ರಲ್ಲಿ ಮೀನುಗಾರಿಕೆಯ ಪರಿಣಾಮವನ್ನು ತಿಳಿಯುವುದಕ್ಕಾಗಿ 21 ದಿಬ್ಬಗಳ ಹವಳ ಮತ್ತು ಮೀನುಗಳನ್ನು ದಾಖಲಿಸಲಾಗಿತ್ತು. ಆಗ ಬಿಳಿಚುವಿಕೆ ಆ ಅಧ್ಯಯನದ ವಿಷಯವಾಗಿರಲಿಲ್ಲ. ನಾಲ್ಕು ವರ್ಷಗಳ ನಂತರ, 1998ರ ಬಿಳಿಚುವಿಕೆಯಲ್ಲಿ ಅಲ್ಲಿನ ಒಳದ್ವೀಪಗಳ ಹವಳಗಳಲ್ಲಿ ಶೇ. 90ಕ್ಕೂ ಹೆಚ್ಚು ನಾಶವಾದವು. 2005ರಲ್ಲಿ ಅದೇ ದಿಬ್ಬಗಳನ್ನು ಮತ್ತೆ ಅಳೆದಾಗ ಹಳೆಯ ದಾಖಲೆಯೇ ಹೋಲಿಕೆಗೆ ಆಧಾರವಾಯಿತು. ಆಗ ದೊಡ್ಡ ಮೀನುಗಳು ಇನ್ನೂ ಉಳಿದಿದ್ದವು, ಆದರೆ ಚಿಕ್ಕ ಗಾತ್ರದ ಮೀನುಗಳು ಕಡಿಮೆಯಾಗಿದ್ದವು. ಸತ್ತ ಹವಳದ ಕವಲುಗಳು ಕುಸಿದು ಮರಿಮೀನುಗಳ ಆಶ್ರಯ ಇಲ್ಲವಾದುದೇ ಇದಕ್ಕೆ ಕಾರಣವೆಂದು ವಿವರಿಸಲಾಯಿತು. ಒಟ್ಟು ತೂಕವನ್ನು ಮಾತ್ರ ನೋಡುವವರಿಗೆ ವರ್ಷಗಳ ಕಾಲ ಕಾಣದ ನಷ್ಟವಿದು: ಹಳೆಯ ತಲೆಮಾರು ಬದುಕಿರುವವರೆಗೆ ಹೊಸ ತಲೆಮಾರಿನ ಕೊರತೆ ಮರೆಯಾಗಿರುತ್ತದೆ.

2015ರಲ್ಲಿ ಪ್ರಕಟವಾದ ಮುಂದುವರಿದ ಅಧ್ಯಯನದ ಪ್ರಕಾರ 21 ದಿಬ್ಬಗಳಲ್ಲಿ 12 ಚೇತರಿಸಿಕೊಂಡಿದ್ದವು, 9 ದಿಬ್ಬಗಳು ಪಾಚಿಯ ವಶವಾಗಿದ್ದವು. ಬಿಳಿಚುವಿಕೆಗೆ ಮೊದಲು ಸಂಕೀರ್ಣ ರಚನೆ ಹೊಂದಿದ್ದ ಮತ್ತು ಹೆಚ್ಚು ಆಳದಲ್ಲಿದ್ದ ದಿಬ್ಬಗಳು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚಾಗಿತ್ತು. ಮರಿಹವಳ ಮತ್ತು ಸಸ್ಯಾಹಾರಿ ಮೀನುಗಳು ಹೆಚ್ಚಿದ್ದುದೂ ಚೇತರಿಕೆಗೆ ನೆರವಾಗಿತ್ತು.

ಗ್ರೇಟ್ ಬ್ಯಾರಿಯರ್ ರೀಫ್

ಆಸ್ಟ್ರೇಲಿಯಾದ ಈಶಾನ್ಯ ತೀರದಲ್ಲಿ ಸುಮಾರು 2,300 ಕಿ.ಮೀ. ಉದ್ದಕ್ಕೆ ಹರಡಿರುವ ಗ್ರೇಟ್ ಬ್ಯಾರಿಯರ್ ರೀಫ್‌ನ ಸ್ಥಿತಿಯನ್ನು ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಮರೈನ್ ಸೈನ್ಸ್ 1980ರ ದಶಕದಿಂದ ದಾಖಲಿಸುತ್ತಿದೆ. 1985ರಿಂದ 2012ರವರೆಗಿನ ದಾಖಲೆಗಳ ವಿಶ್ಲೇಷಣೆಯು ಹವಳದ ಹೊದಿಕೆ ಶೇ. 28ರಿಂದ ಶೇ. 13.8ಕ್ಕೆ ಇಳಿದಿದೆ ಎಂದು ತೋರಿಸಿತು. ನಷ್ಟದಲ್ಲಿ ಶೇ. 48 ಭಾಗಕ್ಕೆ ಚಂಡಮಾರುತಗಳು, ಶೇ. 42 ಭಾಗಕ್ಕೆ ಮುಳ್ಳುಕಿರೀಟ ನಕ್ಷತ್ರಮೀನು ಮತ್ತು ಶೇ. 10 ಭಾಗಕ್ಕೆ ಬಿಳಿಚುವಿಕೆ ಕಾರಣವೆಂದು ಲೆಕ್ಕಹಾಕಲಾಯಿತು. ನಂತರದ ವರ್ಷಗಳಲ್ಲಿ ಬಿಳಿಚುವಿಕೆಯ ಪಾತ್ರ ಹೆಚ್ಚಿತು. 2016, 2017, 2020, 2022 ಮತ್ತು 2024ರಲ್ಲಿ ಅಲ್ಲಿ ಸಾಮೂಹಿಕ ಬಿಳಿಚುವಿಕೆ ನಡೆಯಿತು.

ಆದರೂ 2022ರಲ್ಲಿ ರೀಫ್‌ನ ಉತ್ತರ ಮತ್ತು ಮಧ್ಯ ಭಾಗಗಳಲ್ಲಿ ಹವಳದ ಹೊದಿಕೆ 36 ವರ್ಷಗಳ ದಾಖಲೆಯಲ್ಲೇ ಅತಿ ಹೆಚ್ಚಿನ ಮಟ್ಟ ತಲುಪಿತ್ತು. ಈ ಏರಿಕೆಗೆ ಮುಖ್ಯ ಕಾರಣ ಬೇಗ ಬೆಳೆಯುವ ಅಕ್ರೊಪೊರಾ ಕುಲದ ಹವಳಗಳು. ಇವು ಶಾಖ, ಚಂಡಮಾರುತ ಹಾಗೂ ನಕ್ಷತ್ರಮೀನು ಮೂರಕ್ಕೂ ಬೇಗ ಬಲಿಯಾಗುತ್ತವೆ. 2025ರ ವರದಿಯಲ್ಲಿ ಉತ್ತರ ಮತ್ತು ದಕ್ಷಿಣ ಭಾಗಗಳು ದಾಖಲೆಯಾರಂಭದಿಂದ ಕಂಡ ಅತಿ ದೊಡ್ಡ ವಾರ್ಷಿಕ ಕುಸಿತವನ್ನು ಅನುಭವಿಸಿದ್ದವು. ಶೇಕಡಾವಾರು ಹೊದಿಕೆಯ ಜೊತೆಗೆ ಅದು ಯಾವ ಹವಳದ ಹೊದಿಕೆ ಎಂಬುದನ್ನೂ ದಾಖಲಿಸಬೇಕಾದ ಅಗತ್ಯವನ್ನು ಈ ಏರಿಳಿತ ತೋರಿಸುತ್ತದೆ.

ಜಾಗತಿಕ ಜಾಲಗಳು ಮತ್ತು ಸ್ವಯಂಸೇವಕರು

ಬೇರೆ ಬೇರೆ ದೇಶಗಳ ದಾಖಲೆಗಳನ್ನು ಒಗ್ಗೂಡಿಸುವ ಜಾಗತಿಕ ಹವಳ ದಿಬ್ಬ ಮೇಲ್ವಿಚಾರಣಾ ಜಾಲವು 1995ರಲ್ಲಿ ಸ್ಥಾಪನೆಯಾಯಿತು. 2021ರಲ್ಲಿ ಅದು ಪ್ರಕಟಿಸಿದ ವರದಿಯು 73 ದೇಶಗಳ ಸುಮಾರು 12,000 ಸ್ಥಳಗಳ ಮಾಹಿತಿಯನ್ನು ಆಧರಿಸಿತ್ತು. ಅದರ ಪ್ರಕಾರ 1998ರ ಬಿಳಿಚುವಿಕೆಯೊಂದೇ ಜಗತ್ತಿನ ಹವಳದ ಶೇ. 8 ಭಾಗವನ್ನು ನಾಶಮಾಡಿತ್ತು. 2009 ಮತ್ತು 2018ರ ನಡುವೆ ಶೇ. 14 ಭಾಗ ನಷ್ಟವಾಗಿತ್ತು.

ವಿಜ್ಞಾನಿಗಳ ಸಂಖ್ಯೆ ಸೀಮಿತವಾಗಿರುವುದರಿಂದ ತರಬೇತಿ ಪಡೆದ ಹವ್ಯಾಸಿ ಡೈವರ್‌ಗಳೂ ಈ ಕಾರ್ಯದಲ್ಲಿ ಭಾಗವಹಿಸುತ್ತಾರೆ. ಗ್ರೆಗರ್ ಹಾಡ್ಜ್‌ಸನ್ ಸ್ಥಾಪಿಸಿದ ರೀಫ್ ಚೆಕ್ 1997ರಲ್ಲಿ ತನ್ನ ಮೊದಲ ಜಾಗತಿಕ ಸಮೀಕ್ಷೆಯನ್ನು ನಡೆಸಿತು. ಎಲ್ಲ ಪ್ರಭೇದಗಳನ್ನೂ ಗುರುತಿಸುವ ಬದಲು ಸುಲಭವಾಗಿ ಗುರುತಿಸಬಹುದಾದ ಕೆಲವು ಸೂಚಕ ಜೀವಿಗಳನ್ನು ಮಾತ್ರ ಎಣಿಸುವುದು ಅದರ ಕ್ರಮ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಕೋರಲ್‌ವಾಚ್ ಯೋಜನೆಯಲ್ಲಿ ಆರು ಛಾಯೆಗಳ ಬಣ್ಣಪಟ್ಟಿಯೊಂದಿಗೆ ಹವಳದ ಬಣ್ಣವನ್ನು ಹೋಲಿಸಲಾಗುತ್ತದೆ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ.

ಭಾರತದಲ್ಲಿ

ಭಾರತದ ಪ್ರಮುಖ ಹವಳ ದಿಬ್ಬಗಳು ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು, ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ, ಹಾಗೂ ಕಛ್ ಕೊಲ್ಲಿಯಲ್ಲಿವೆ. ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಈ ಪ್ರದೇಶಗಳಿಗೆ ಬಿಳಿಚುವಿಕೆಯ ಎಚ್ಚರಿಕೆಗಳನ್ನು ನೀಡುತ್ತದೆ.

ಲಕ್ಷದ್ವೀಪದಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ದೀರ್ಘಕಾಲದಿಂದ ದಿಬ್ಬಗಳನ್ನು ಗಮನಿಸುತ್ತ ಬಂದಿದ್ದಾರೆ. ಅಗತ್ತಿ, ಕಡಮತ್ ಮತ್ತು ಕವರತ್ತಿ ದ್ವೀಪಗಳ ದಾಖಲೆಗಳ ಪ್ರಕಾರ 1998ರಲ್ಲಿ ಸುಮಾರು ಶೇ. 37 ಇದ್ದ ಹವಳದ ಹೊದಿಕೆ 2022ರ ವೇಳೆಗೆ ಶೇ. 20ಕ್ಕಿಂತ ಕೆಳಗಿಳಿದಿತ್ತು. 1998, 2010 ಮತ್ತು 2016ರ ಬಿಳಿಚುವಿಕೆಗಳ ನಡುವಿನ ಅಂತರ ಕಿರಿದಾಗುತ್ತ ಬಂದುದರಿಂದ ಪೂರ್ಣ ಚೇತರಿಕೆಗೆ ಸಮಯ ಸಿಗಲಿಲ್ಲ. ಲಕ್ಷದ್ವೀಪದ ಮೀನುಗಾರರು ಸಾಂಪ್ರದಾಯಿಕವಾಗಿ ಗಾಳ ಮತ್ತು ಕೋಲಿನಿಂದ ಸೂರೆ ಮೀನನ್ನು ಹಿಡಿಯುತ್ತಾರೆ. ಇದರಿಂದ ದಿಬ್ಬದ ಮೀನುಗಳ ಮೇಲೆ ಒತ್ತಡ ಕಡಿಮೆಯಿದ್ದು, ಪಾಚಿ ತಿನ್ನುವ ಮೀನುಗಳು ಉಳಿದುಕೊಂಡದ್ದು ಹಿಂದಿನ ಚೇತರಿಕೆಗಳಿಗೆ ನೆರವಾಯಿತೆಂದು ಪರಿಗಣಿಸಲಾಗಿದೆ. ಇತ್ತೀಚೆಗೆ ದಿಬ್ಬದ ಮೀನುಗಳ ವಾಣಿಜ್ಯ ಮೀನುಗಾರಿಕೆ ಬೆಳೆಯುತ್ತಿರುವುದರಿಂದ ಹವಳದ ಜೊತೆಗೆ ಮೀನಿನ ಲೆಕ್ಕವನ್ನೂ ಇಡುವುದು ಮಹತ್ವ ಪಡೆದಿದೆ.

ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಚದುರಿದಂತೆ ಹವಳಗಳೂ ಹವಳ ದಿಬ್ಬದ ಮೀನುಗಳೂ ಇವೆ. ಇದು ಹೆಸರಾದ ಸ್ಕೂಬಾ ಡೈವಿಂಗ್ ತಾಣವಾಗಿದೆ. ನೈಋತ್ಯ ಮಾನ್ಸೂನಿನ ತಿಂಗಳುಗಳಲ್ಲಿ ಕಡಲು ಪ್ರಕ್ಷುಬ್ಧವಾಗಿ ಡೈವಿಂಗ್ ನಿಲ್ಲುವುದರಿಂದ ಇಂತಹ ಸ್ಥಳಗಳಲ್ಲಿ ಪ್ರತಿ ವರ್ಷ ಒಂದೇ ಋತುವಿನಲ್ಲಿ ಅಳತೆ ಮಾಡಿದರೆ ಮಾತ್ರ ವರ್ಷದಿಂದ ವರ್ಷಕ್ಕೆ ಹೋಲಿಕೆ ಸಾಧ್ಯ.

ಇತಿಮಿತಿಗಳು

• ವೀಕ್ಷಕರ ವ್ಯತ್ಯಾಸ: ಇಬ್ಬರು ವೀಕ್ಷಕರು ಒಂದೇ ಪಟ್ಟಿಯಲ್ಲಿ ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. ತರಬೇತಿ ಮತ್ತು ಪರಸ್ಪರ ಪರಿಶೀಲನೆಯಿಂದ ಇದನ್ನು ತಗ್ಗಿಸುತ್ತಾರೆ.
• ಮೀನಿನ ವರ್ತನೆ: ಈಟಿ ಬೇಟೆ ನಡೆಯುವಲ್ಲಿ ಮೀನುಗಳು ಡೈವರ್‌ನಿಂದ ದೂರ ಓಡುತ್ತವೆ, ಸಂರಕ್ಷಿತ ಪ್ರದೇಶದಲ್ಲಿ ಹತ್ತಿರ ಬರುತ್ತವೆ. ಇದರಿಂದ ಎರಡರ ನಡುವಿನ ವ್ಯತ್ಯಾಸ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ರಾತ್ರಿ ಚಲಿಸುವ ಮತ್ತು ಬಿರುಕುಗಳಲ್ಲಿ ಅಡಗುವ ಮೀನುಗಳು ಎಣಿಕೆಗೆ ಸಿಗುವುದಿಲ್ಲ.
• ಸ್ಥಳದ ಆಯ್ಕೆ: ಚೆನ್ನಾಗಿ ಕಾಣುವ ದಿಬ್ಬಗಳನ್ನೇ ಆರಿಸಿಕೊಂಡು ಆರಂಭಿಸಿದರೆ ಮುಂದಿನ ಅಳತೆಗಳು ಕುಸಿತವನ್ನೇ ತೋರಿಸುವ ಸಾಧ್ಯತೆ ಹೆಚ್ಚು.
• ಆಳ: ಹೆಚ್ಚಿನ ಅಳತೆಗಳು ಡೈವರ್‌ಗಳಿಗೆ ಸುರಕ್ಷಿತವಾದ ಕಡಿಮೆ ಆಳಕ್ಕೆ ಸೀಮಿತವಾಗಿವೆ.
• ಜಾರುವ ಆಧಾರರೇಖೆ: ಪ್ರತಿ ತಲೆಮಾರೂ ತಾನು ಮೊದಲು ಕಂಡ ಸ್ಥಿತಿಯನ್ನೇ ಸಹಜವೆಂದು ಭಾವಿಸುತ್ತದೆ ಎಂಬುದನ್ನು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಈ ಹೆಸರಿನಿಂದ ಗುರುತಿಸಿದರು. ಹೆಚ್ಚಿನ ದಿಬ್ಬಗಳಲ್ಲಿ ಅಳತೆ ಆರಂಭವಾಗುವ ಮೊದಲೇ ದೊಡ್ಡ ಮೀನುಗಳು ಕಡಿಮೆಯಾಗಿದ್ದವು.

ನಿರ್ವಹಣೆಯಲ್ಲಿ ಬಳಕೆ

ಮೇಲ್ವಿಚಾರಣೆಯು ತಾನೇ ಹವಳವನ್ನು ಉಳಿಸುವುದಿಲ್ಲ. ಯಾವ ಕಾರಣಕ್ಕೆ ಯಾವ ಕ್ರಮ ಎಂಬುದನ್ನು ನಿರ್ಧರಿಸಲು ಅದು ನೆರವಾಗುತ್ತದೆ. ಮುಳ್ಳುಕಿರೀಟ ನಕ್ಷತ್ರಮೀನು ಹೆಚ್ಚಿರುವ ದಿಬ್ಬಗಳಿಗೆ ಡೈವರ್‌ಗಳನ್ನು ಕಳುಹಿಸಿ ಅವುಗಳನ್ನು ನಿಯಂತ್ರಿಸಲಾಗುತ್ತದೆ. ಸಸ್ಯಾಹಾರಿ ಮೀನು ಕಡಿಮೆಯಾದಲ್ಲಿ ಗಿಳಿಮೀನಿನ ಬೇಟೆಯನ್ನು ನಿಷೇಧಿಸಬಹುದು. ಕೆರಿಬಿಯನ್ ತೀರದ ಬೆಲೀಜ್ ದೇಶ 2009ರಲ್ಲಿ ಇಂತಹ ನಿಷೇಧವನ್ನು ಜಾರಿಗೆ ತಂದಿತು. ತೀವ್ರ ಬಿಳಿಚುವಿಕೆಯ ವೇಳೆ ಪ್ರವಾಸಿ ಡೈವಿಂಗ್ ತಾಣಗಳನ್ನು ತಾತ್ಕಾಲಿಕವಾಗಿ ಮುಚ್ಚುವ ಕ್ರಮವೂ ಇದೆ. ಹೀಗೆ ಕೈಗೊಂಡ ಕ್ರಮ ಫಲ ನೀಡಿತೇ ಎಂಬುದನ್ನು ತಿಳಿಯಲು ಕ್ರಮಕ್ಕೆ ಮೊದಲಿನ ಅಳತೆ, ನಂತರದ ಅಳತೆ ಮತ್ತು ಕ್ರಮ ಕೈಗೊಳ್ಳದ ಹತ್ತಿರದ ದಿಬ್ಬದ ಅಳತೆ ಮೂರೂ ಬೇಕಾಗುತ್ತವೆ.